ಕಚೇರಿಯಲ್ಲಿ ಸರಾಗವಾಗಿದ್ದ ಅರ್ಜಿ ನಮೂನೆ ಬಳಕೆದಾರರ ಕೈಯಲ್ಲಿ ಏಕೆ ಸೋಲುತ್ತಿದೆ?

ಪ್ರಶ್ನೆ:
ನಮ್ಮ ನೋಂದಣಿ ಜಾಲತಾಣವನ್ನು ಐದು ಮಂದಿಯನ್ನು ಕಚೇರಿಗೆ ಕರೆಸಿ ಪರೀಕ್ಷಿಸಿದೆವು. ಎಲ್ಲರೂ ತೊಡಕಿಲ್ಲದೆ ಅರ್ಜಿ ಸಲ್ಲಿಸಿದರು. ಬಳಕೆಗೆ ಬಿಟ್ಟ ಮೇಲೆ ನೋಡಿದರೆ, ಮೊಬೈಲಿನಿಂದ ಬರುವ ಹಲವರು ಒಟಿಪಿ ಕೇಳುವ ಹಂತದಲ್ಲೇ ಅರ್ಜಿಯನ್ನು ಅರ್ಧಕ್ಕೆ ಬಿಡುತ್ತಿದ್ದಾರೆ. ಕಂಪ್ಯೂಟರಿನ ಬ್ರೌಸರಿನಲ್ಲಿ ನೆಟ್‌ವರ್ಕ್ ವೇಗ ತಗ್ಗಿಸಿ ನೋಡಿದರೂ ಕಾರಣ ತಿಳಿಯಲಿಲ್ಲ. ಇನ್ನಷ್ಟು ಜನರನ್ನು ಕರೆಸಬೇಕೇ?

ಉತ್ತರ 1:
ಜನರನ್ನು ಹೆಚ್ಚಿಸುವ ಮೊದಲು, ಅವರು ಪರೀಕ್ಷೆಯಲ್ಲಿ ಬಳಸಿದ ಫೋನ್ ಯಾರದೆಂದು ಹೇಳಿ. ರ‍್ಯಾಮ್ ಕಡಿಮೆಯಿರುವ ಫೋನಿನಲ್ಲಿ ಒಟಿಪಿ ಓದಲು ಸಂದೇಶಗಳ ಆ್ಯಪ್‌ಗೆ ಹೋದಾಗ, ಹಿನ್ನೆಲೆಗೆ ಸರಿದ ಪುಟವನ್ನು ವ್ಯವಸ್ಥೆಯು ನೆನಪಿನಿಂದ ತೆಗೆದುಹಾಕಬಹುದು. ಮರಳಿ ಬಂದಾಗ ಪುಟ ಹೊಸದಾಗಿ ತೆರೆದುಕೊಂಡು, ತುಂಬಿದ್ದೆಲ್ಲ ಅಳಿಸಿಹೋಗಿರುತ್ತದೆ. ನೆಟ್‌ವರ್ಕ್ ವೇಗ ತಗ್ಗಿಸಿದ ಮಾತ್ರಕ್ಕೆ ಇದು ಕಾಣಿಸದು. ಹಳೆಯ ಫೋನೊಂದರಲ್ಲಿ ನಾಲ್ಕಾರು ಆ್ಯಪ್ ತೆರೆದಿಟ್ಟು, ನಮೂನೆ ತುಂಬಿ, ಒಂದೆರಡು ನಿಮಿಷ ಬೇರೆಡೆ ಹೋಗಿ ಬನ್ನಿ.

ಉತ್ತರ 2:
ಐದು ಜನ ಸಾಕೆಂಬ ಮಾತನ್ನು 2000ರಲ್ಲಿ ಜನಪ್ರಿಯಗೊಳಿಸಿದವರು ಬಳಕೆ-ಸುಲಭತೆಯ ತಜ್ಞ ಜೇಕಬ್ ನೀಲ್ಸನ್. ಒಬ್ಬ ಬಳಕೆದಾರನಿಂದ ಸರಾಸರಿ ಶೇ. 31ರಷ್ಟು ದೋಷಗಳು ಬಯಲಾಗುತ್ತವೆ ಎಂಬುದು ಆ ಲೆಕ್ಕದ ತಳಹದಿ. ಆದರೆ ನಿಮ್ಮ ಕೋಣೆಯಲ್ಲಿ ಹುಟ್ಟುವುದಕ್ಕೇ ಅವಕಾಶವಿಲ್ಲದ ದೋಷವನ್ನು ಐವತ್ತು ಜನ ಬಂದರೂ ಕಾಣಲಾರರು. ಆದ್ದರಿಂದ ಅವರವರ ಫೋನಿನಲ್ಲಿಯೇ, ಅವರು ದಿನವೂ ಬಳಸುವ ಜಾಗದಲ್ಲಿಯೇ, ನಿಂತು ಒಂದೇ ಕೈಯಲ್ಲಿ ಹಿಡಿದಿರುವಾಗಲೋ ಬಿಸಿಲಿನಲ್ಲೋ ಪರೀಕ್ಷಿಸಿ. ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಲು ರೂಪಿಸಿದ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ ಕೇಳುವ, ಅಕ್ಷರ ಮತ್ತು ಹಿನ್ನೆಲೆಯ ನಡುವಿನ 4.5:1 ವರ್ಣವ್ಯತ್ಯಾಸವು ಸಾಮಾನ್ಯ ಅಕ್ಷರಗಳಿಗೆ ಕನಿಷ್ಠ ಮಿತಿಯಷ್ಟೇ. ಬಿಸಿಲಿನಲ್ಲಿ ಅದೂ ಸಾಲದೆ ಹೋಗಬಹುದು. ಬಳಕೆದಾರರು ತಡವರಿಸಿದಾಗ ಸಹಾಯಕ್ಕೆ ಬಾಯಿ ತೆರೆಯದಿರುವುದು, ನನ್ನ ಅನುಭವದಲ್ಲಿ, ಇವೆಲ್ಲಕ್ಕಿಂತ ಕಷ್ಟದ ಕೆಲಸ.

ಉತ್ತರ 3:
ನಿಜ ಬಳಕೆದಾರರಿಂದ ಬರುವ ಅಳತೆಗಳನ್ನೂ ಗಮನಿಸಿ. ಸ್ಪರ್ಶಕ್ಕೆ ಪುಟ ಸ್ಪಂದಿಸುವ ವೇಗವನ್ನು ಅಳೆಯುವ ಐಎನ್‌ಪಿ 200 ಮಿಲಿಸೆಕೆಂಡಿನೊಳಗಿರಬೇಕೆಂದು ಗೂಗಲ್ ಹೇಳುವುದು ಸರಾಸರಿಗಲ್ಲ, 75ನೇ ಶತಾಂಶಕ್ಕೆ, ಅಂದರೆ ನೂರರಲ್ಲಿ ಕನಿಷ್ಠ 75 ಭೇಟಿಗಳಿಗೆ. ಎಲ್ಲಿ ತೊಡಕಿದೆ ಎಂಬುದನ್ನು ಅಂಕಿಗಳು ತೋರಿಸಬಹುದು, ಏಕೆ ಎಂಬುದನ್ನು ತಿಳಿಯಲು ಪಕ್ಕದಲ್ಲಿ ಕುಳಿತು ನೋಡಲೇಬೇಕು.

ಪ್ರಶ್ನೆ ಕೇಳಿದವರು:
ಪರೀಕ್ಷೆಗೆ ಬಳಸಿದ್ದು ನಮ್ಮದೇ ಹೊಸ ಫೋನ್. ಒಟಿಪಿಯನ್ನೂ ನಾವೇ ಕಾಗದದಲ್ಲಿ ಬರೆದು ಕೊಟ್ಟಿದ್ದೆವು. ಇಂದು ಹಳೆಯ ಫೋನಿನಲ್ಲಿ ನೋಡಿದಾಗ ಮೂರನೆಯ ಪ್ರಯತ್ನದಲ್ಲೇ ನಮೂನೆ ಖಾಲಿಯಾಯಿತು. ಪ್ರತಿ ಹಂತದ ಮಾಹಿತಿಯನ್ನು ಆಗಲೇ ಉಳಿಸಿಡುವಂತೆ ಬದಲಿಸುತ್ತಿದ್ದೇವೆ.