ಕಾಯುವುದು, ಆರುವುದು, ‘ಸ್ಟಾರ್ಟ್ ಆಗ್ತಿಲ್ಲ’: ಹಳೇ ಕಂಪ್ಯೂಟರ್ ರಿಪೇರಿಯ ಪದಗಳು

ಪ್ರಶ್ನೆ

ನಮಸ್ಕಾರ. ಕಚೇರಿಗಳು ಬಳಸಿ ಮಾರಿದ ಡೆಸ್ಕ್‌ಟಾಪ್‌ಗಳನ್ನು ಕೊಳ್ಳುವವರಿಗಾಗಿ ಸಿದ್ಧವಾಗುತ್ತಿರುವ ಒಂದು ಕನ್ನಡ ಕೈಪಿಡಿಯ ಕರಡಿನಲ್ಲಿ ಹೀಗಿದೆ:

“ಕಂಪ್ಯೂಟರ್ ಕಾಯುತ್ತಿದ್ದರೆ ಕೂಡಲೇ ಆಫ್ ಮಾಡಿ. ಆರಿದ ಮೇಲೆ ಹೀಟ್‌ಸಿಂಕನ್ನು ಕಿತ್ತು, ಹಳೆಯ ಅಂಟನ್ನು ಒರೆಸಿ, ಬಟಾಣಿ ಗಾತ್ರದ ಹೊಸ ಅಂಟು ಹಾಕಿ, ಎದುರುಬದುರಿನ ಪಿನ್ನುಗಳನ್ನು ಒತ್ತಿ. ಆಗಲೂ ಸ್ಟಾರ್ಟ್ ಆಗದಿದ್ದರೆ ಮದರ್‌ಬೋರ್ಡ್ ಹೋಗಿದೆ ಎಂದು ತಿಳಿಯಿರಿ.”

ಇಲ್ಲಿ ‘ಕಾಯು’ ಸರಿಯೇ? ಉಷ್ಣ, ಶಾಖ, ತಾಪ ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು? ‘ಬೂಟ್ ಆಗು’ ಎನ್ನುವುದಕ್ಕೆ ಕನ್ನಡದ ಮಾತು ಬೇಕೇ? ತಿಳಿದವರು ದಯವಿಟ್ಟು ತಿದ್ದಿಕೊಡಿ.

ಉತ್ತರ 1

ಕೇಳಿದ್ದು ಒಳ್ಳೆಯದಾಯಿತು. ಈ ನಾಲ್ಕು ಸಾಲುಗಳನ್ನು ಅಕ್ಷರಶಃ ಪಾಲಿಸಿದವರು ಸರಿ ಇರುವ ಕಂಪ್ಯೂಟರನ್ನೂ ಕೆಡಿಸಿಬಿಡಬಹುದು. ವ್ಯಾಕರಣದಲ್ಲಿ ತಪ್ಪಿಲ್ಲ, ಪದಗಳಲ್ಲಿದೆ.

‘ಕಂಪ್ಯೂಟರ್ ಕಾಯುತ್ತಿದೆ’ ಎಂದು ಓದಿದ ಕೂಡಲೇ ಅದು ಯಾವುದಕ್ಕೋ ಎದುರು ನೋಡುತ್ತಿದೆ ಎಂದೇ ತೋಚುತ್ತದೆ. ಪರದೆಯ ಮೇಲೆ ‘ದಯವಿಟ್ಟು ಕಾಯಿರಿ’ ನೋಡಿ ನೋಡಿ ಕಣ್ಣು ಪಳಗಿದೆ. ಬಿಸಿಯಾಗುವ ‘ಕಾಯು’ ಮತ್ತು ಕಾಪಾಡುವ, ಎದುರು ನೋಡುವ ‘ಕಾಯು’ ಮೂಲದಲ್ಲಿ ಎರಡು ಬೇರೆ ಧಾತುಗಳು. ತಮಿಳಿನಲ್ಲಿ ಬಿಸಿಯಾಗುವುದಕ್ಕೆ ‘ಕಾಯ್’, ಕಾಪಾಡುವುದಕ್ಕೆ ‘ಕಾ’. ತೆಲುಗಿನಲ್ಲಿ ಬಿಸಿಯಾಗುವುದು ‘ಕಾಗು’. ಕನ್ನಡದಲ್ಲಿ ಎರಡೂ ‘ಕಾಯು’ ಎಂದೇ ನಿಂತಿವೆ. ಎಣ್ಣೆ ಕಾದಿದೆ, ಬಾಣಲೆ ಕಾದಿದೆ ಎನ್ನುವಾಗ ಗೊಂದಲವಿಲ್ಲ, ಏಕೆಂದರೆ ಬಾಣಲೆ ಯಾರಿಗೂ ಕಾದು ಕೂರುವುದಿಲ್ಲ. ಕಂಪ್ಯೂಟರ್ ಮಾತ್ರ ಎರಡನ್ನೂ ಮಾಡುತ್ತದೆ.

ಜೊತೆಗೆ ಬಿಸಿಯಾಗುವುದೇ ದೋಷವಲ್ಲ. ಕೆಲಸವಿಲ್ಲದಾಗ ಪ್ರಾಸೆಸರ್ (ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್) 35ರಿಂದ 45 ಡಿಗ್ರಿ, ಭಾರದ ಕೆಲಸ ಕೊಟ್ಟಾಗ 70–80 ಡಿಗ್ರಿ ಇರುವುದು ನಮ್ಮ ಊರುಗಳ ಹವೆಯಲ್ಲಿ ಸಹಜ. ಈಗ ಹಳೆಯ ಮಾರಾಟಕ್ಕೆ ಬರುವ ಬಹುಪಾಲು ಇಂಟೆಲ್ ಪ್ರಾಸೆಸರ್‌ಗಳಿಗೆ ಮಿತಿ 100 ಡಿಗ್ರಿಯ ಆಸುಪಾಸು. ಅದನ್ನು ಮುಟ್ಟಿದಾಗ ಪ್ರಾಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಗಲೂ ಏರುತ್ತಲೇ ಹೋದರೆ ಸುಟ್ಟುಹೋಗದಂತೆ ಕರೆಂಟನ್ನೇ ಕಡಿದುಕೊಳ್ಳುತ್ತದೆ. ಆದ್ದರಿಂದ ‘ಮಿತಿಮೀರಿ ಬಿಸಿಯಾದರೆ’ ಎಂದು ಬರೆಯಿರಿ, ಮಿತಿ ಎಷ್ಟೆಂದು ಅಂಕಿಯಲ್ಲೂ ಕೊಡಿ. ‘ಕಾವೇರು’ ಎಂಬುದನ್ನು ಪತ್ರಿಕೆಗಳು ಚುನಾವಣಾ ಕಣಕ್ಕೆ ಕೊಟ್ಟುಬಿಟ್ಟಿವೆ, ಅಲ್ಲೇ ಇರಲಿ.

ಇನ್ನು ಉಷ್ಣ, ಶಾಖ, ತಾಪ. ಕೈಪಿಡಿಗೆ ಬೇಕಾದ ಭೇದ ಒಂದೇ: ಒಂದೆಡೆಯಿಂದ ಇನ್ನೊಂದೆಡೆಗೆ ಹರಿದುಹೋಗುವುದು ಶಾಖ, ಎಷ್ಟು ಡಿಗ್ರಿ ಎಂದು ಅಳೆಯುವುದು ತಾಪಮಾನ ಅಥವಾ ಉಷ್ಣಾಂಶ. ತಾಪಮಾನ, ಉಷ್ಣಾಂಶ ಎರಡರಲ್ಲಿ ಒಂದನ್ನು ಹಿಡಿದು ಕೊನೆಯವರೆಗೂ ಬಳಸಿ. ‘ಉಷ್ಣ’ ಬೇಡ. ಅದನ್ನು ಕೇಳಿದರೆ ಮಾವಿನಹಣ್ಣು, ಪಪ್ಪಾಯಿಗಳೇ ನೆನಪಾಗುತ್ತವೆ. ‘ಸೆಕೆ’ ಆಗುವುದು ಮನುಷ್ಯರಿಗೆ, ಯಂತ್ರಕ್ಕಲ್ಲ.

ಕರಡಿನಲ್ಲಿ ಇಲ್ಲದೇ ಇರುವ, ಆದರೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಮಾತುಗಳು ‘ಉಗುರುಬೆಚ್ಚಗೆ’ ಮತ್ತು ‘ಮುಟ್ಟಲಾಗದಷ್ಟು ಬಿಸಿ’. ಆನ್ ಆದ ಕೂಡಲೇ ಸೆಟಪ್ ಪರದೆಗೆ ಹೋದರೆ ಹಲವು ಮಾದರಿಗಳಲ್ಲಿ ಪ್ರಾಸೆಸರ್ ತಾಪಮಾನ ಕಾಣುತ್ತದೆ. ಅದು ಒಂದೆರಡು ನಿಮಿಷದಲ್ಲಿ 90 ದಾಟಿತು ಎನ್ನಿ. ಆಫ್ ಮಾಡಿ, ಪ್ಲಗ್ ಕಿತ್ತು, ಪ್ರಾಸೆಸರ್ ಮೇಲೆ ಕೂತು ಅದರ ಶಾಖ ಹೀರುವ ಲೋಹದ ತುಂಡಾದ ಹೀಟ್‌ಸಿಂಕಿನ ಅಂಚಿಗೆ ಬೆರಳ ತುದಿಯನ್ನು ಕ್ಷಣಮಾತ್ರ ತಾಗಿಸಿ ನೋಡಿ. ಪ್ರಾಸೆಸರ್ 90ರಲ್ಲಿದ್ದೂ ಹೀಟ್‌ಸಿಂಕ್ ಉಗುರುಬೆಚ್ಚಗಿದ್ದರೆ ಶಾಖ ಅಲ್ಲಿಗೆ ತಲುಪುತ್ತಲೇ ಇಲ್ಲ: ನಡುವಿನ ಪೇಸ್ಟ್ (ಕರಡಿನ ‘ಅಂಟು’) ಒಣಗಿ ಪುಡಿಯಾಗಿದೆ, ಇಲ್ಲವೇ ಬೋರ್ಡಿಗೆ ಹಿಡಿದಿಡುವ ಪಿನ್ ಒಂದು ಮೇಲೆದ್ದು ಹೀಟ್‌ಸಿಂಕ್ ಓರೆಯಾಗಿದೆ. ಮುಟ್ಟಲಾಗದಷ್ಟು ಬಿಸಿ ಇದ್ದರೆ ಪೇಸ್ಟ್ ತನ್ನ ಕೆಲಸ ಮಾಡುತ್ತಿದೆ, ಗಾಳಿ ಆಡುತ್ತಿಲ್ಲ: ಫ್ಯಾನ್ ನಿಂತಿದೆ ಅಥವಾ ದೂಳು ಕಟ್ಟಿದೆ. ಎರಡಕ್ಕೂ ‘ಬಿಸಿಯಾಗಿದೆ’ ಎಂದಷ್ಟೇ ಬರೆದರೆ, ದೂಳು ತೆಗೆದರೆ ಸಾಕಿದ್ದ ಕಡೆಯೂ ಓದುವವರು ಹೀಟ್‌ಸಿಂಕ್ ಬಿಚ್ಚುತ್ತಾರೆ.

ಆ ದೂಳು ಇರುವುದು ಮೇಲೆ ಕಾಣುವ ಜಾಗದಲ್ಲಲ್ಲ. ಫ್ಯಾನ್ ಬಿಚ್ಚಿದರೆ ಅದರ ಅಡಿಯಲ್ಲಿ, ಅಲ್ಯುಮಿನಿಯಂ ಎಸಳುಗಳ ಮೇಲೆ, ಬೂದು ಬಣ್ಣದ ಕಂಬಳಿಯಂತೆ ಒಂದೇ ಹಾಳೆಯಾಗಿ ಕೂತಿರುತ್ತದೆ. ಬೆರಳಿಂದ ಒಂದು ತುದಿ ಎತ್ತಿದರೆ ಪೂರ್ತಿ ಎದ್ದು ಬರುತ್ತದೆ. ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ತಿರುಗದಂತೆ ಬೆರಳಿಂದ ತಡೆಯಬೇಕು. ಗಾಳಿಯ ರಭಸಕ್ಕೆ ಲೆಕ್ಕ ಮೀರಿ ತಿರುಗಿದರೆ ಬೇರಿಂಗ್ ಹಾಳು.

‘ಆರಿದ ಮೇಲೆ’ ಎಂಬುದನ್ನು ಖಂಡಿತ ತೆಗೆಯಿರಿ. ದೀಪ ಆರುತ್ತದೆ, ಕಾಫಿ ಆರುತ್ತದೆ, ಬಟ್ಟೆಯೂ ಆರುತ್ತದೆ. ಇಲ್ಲಿ ಲೈಟ್ ಆರಿದ ಮೇಲೆಯೋ, ಬಿಸಿ ಇಳಿದ ಮೇಲೆಯೋ, ಒರೆಸಿದ ದ್ರಾವಣ ಒಣಗಿದ ಮೇಲೆಯೋ? ಮೂರಕ್ಕೂ ಬೇರೆ ಪದಗಳೇ ಇವೆ: ಆಫ್ ಆದ ಮೇಲೆ, ತಣಿದ ಮೇಲೆ, ಒಣಗಿದ ಮೇಲೆ.

‘ಕಿತ್ತು’ ಇನ್ನೂ ಅಪಾಯ. ಪ್ಲಗ್ ಕೀಳಬಹುದು, ಹೀಟ್‌ಸಿಂಕ್ ಕೀಳಬಾರದು. ಒಣಗಿದ ಪೇಸ್ಟ್ ಹಿಡಿದುಕೊಂಡಿರುತ್ತದೆ. ಪ್ರಾಸೆಸರಿಗೇ ಕಾಲುಗಳಿರುವ ಎಎಂಡಿ ಎಎಂ4 ಮಾದರಿಗಳಲ್ಲಿ ನೇರ ಎಳೆದರೆ ಹೀಟ್‌ಸಿಂಕಿನ ಜೊತೆ ಪ್ರಾಸೆಸರೂ ಸಾಕೆಟಿನಿಂದ ಎದ್ದು ಬಂದು ಕಾಲುಗಳು ಬಾಗುತ್ತವೆ. ‘ಪಿನ್ ಸಡಿಲಿಸಿ, ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ತಿರುಚಿ ಬಿಡಿಸಿ’ ಎನ್ನಿ. ಬಿಡದಿದ್ದರೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಬೆಚ್ಚಗೆ ಮಾಡಿದರೆ ಪೇಸ್ಟ್ ಮೆತ್ತಗಾಗುತ್ತದೆ.

‘ಅಂಟು’ ಎಂಬ ಅನುವಾದ ಬಂದದ್ದು ನೋಟದಿಂದ ಇರಬೇಕು. ಅದು ಅಂಟಿಸುವುದಕ್ಕಲ್ಲ. ಎರಡು ಲೋಹಗಳ ನಡುವೆ ಕಣ್ಣಿಗೆ ಕಾಣದ ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ, ಗಾಳಿಗೆ ಶಾಖ ದಾಟಿಸುವ ಶಕ್ತಿ ತೀರಾ ಕಡಿಮೆ. ಆ ತಗ್ಗುಗಳನ್ನು ತುಂಬಲು ಈ ಲೇಪ. ಪೇಸ್ಟ್ ಗಾಳಿಗಿಂತ ಎಷ್ಟೋ ಪಾಲು ಮೇಲು, ಆದರೆ ತಾಮ್ರಕ್ಕೆ ಹೋಲಿಸಿದರೆ ಏನೂ ಅಲ್ಲ. ಹಾಗಾಗಿ ದಪ್ಪ ಹಾಕಿದಷ್ಟೂ ನಷ್ಟ. ‘ಅಂಟು’ ಎಂದರೆ ಗಟ್ಟಿ ಹಿಡಿಯಲಿ ಎಂದು ಯಾರಾದರೂ ಹೆಚ್ಚೇ ಹಾಕುತ್ತಾರೆ, ಫೆವಿಕ್ವಿಕ್ ಹಾಕುವವರೂ ಇರಬಹುದು. ‘ಥರ್ಮಲ್ ಪೇಸ್ಟ್’ ಎಂದೇ ಇಡಿ, ಅಂಗಡಿಯಲ್ಲಿ ಕೇಳಿದರೆ ಸಿಗುವ ಹೆಸರು ಅದು. ಒಮ್ಮೆ ಮಾತ್ರ ‘ಶಾಖ ದಾಟಿಸುವ ಲೇಪ’ ಎಂದು ವಿವರಿಸಿ. ಹಳೆಯದನ್ನು ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ, ನೀರು ಬೇಡ.

‘ಬಟಾಣಿ ಗಾತ್ರ’ ಇಂಗ್ಲಿಷಿನಿಂದ ಬಂದ ಅಳತೆ. ನಮ್ಮ ಹಸಿ ಬಟಾಣಿ 8 ಮಿಲಿಮೀಟರ್ ಮುಟ್ಟುತ್ತದೆ. ಅಷ್ಟು ಹಾಕಿದರೆ ಅಂಚಿನಿಂದ ಉಕ್ಕಿ ಸಾಕೆಟಿಗೆ ಇಳಿಯಬಹುದು. ತೊಗರಿಕಾಳಿನಷ್ಟು ಎನ್ನಿ, ಬೇಳೆಯಲ್ಲ, ಇಡೀ ಕಾಳು. ಅದನ್ನು ಹರಡುವುದೂ ಬೇಡ, ನಡುವೆ ಇಟ್ಟು ಹೀಟ್‌ಸಿಂಕ್ ನೇರವಾಗಿ ಇಳಿಸಿದರೆ ಒತ್ತಡಕ್ಕೆ ತಾನೇ ಹರಡುತ್ತದೆ.

‘ಎದುರುಬದುರು’ ಎಂದರೆ ಎದುರುಮನೆಯ ಹಾಗೆ ಮುಖಾಮುಖಿ ಇರುವುದು. ಇಂಟೆಲ್ ಕೂಲರ್‌ನ ನಾಲ್ಕು ಪಿನ್ನುಗಳನ್ನು ಒತ್ತಬೇಕಾದದ್ದು ಮೂಲೆಯಿಂದ ಮೂಲೆಗೆ, ಓರೆಯಾಗಿ. ಒಂದೇ ಬದಿಯ ಎರಡನ್ನು ಮೊದಲು ಒತ್ತಿದರೆ ಇನ್ನೊಂದು ಬದಿ ಎದ್ದು ನಿಲ್ಲುತ್ತದೆ. ಪ್ರತಿ ಪಿನ್ನೂ ‘ಟಕ್’ ಎನ್ನಬೇಕು. ನಾಲ್ಕು ಟಕ್ ಕೇಳಿಸದಿದ್ದರೆ ಬೋರ್ಡಿನ ಹಿಂಬದಿ ತಿರುಗಿಸಿ, ನಾಲ್ಕು ಕಡೆಯೂ ಪ್ಲಾಸ್ಟಿಕ್ ಕವಲು ಅಗಲಿಸಿಕೊಂಡು ಹೊರಬಂದಿದೆಯೇ ನೋಡಿ.

ಉತ್ತರ 2

ಮೇಲಿನದಕ್ಕೆ ಪೂರಕವಾಗಿ ‘ಸ್ಟಾರ್ಟ್ ಆಗದಿದ್ದರೆ’ ಎಂಬುದರ ಬಗ್ಗೆ. ಈ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ.

ಗುಂಡಿ ಒತ್ತಿದರೆ ಲೈಟೂ ಇಲ್ಲ, ಫ್ಯಾನೂ ಇಲ್ಲ: ‘ಆನ್ ಆಗುತ್ತಿಲ್ಲ’. ರಿಪೇರಿಯವರು ‘ಡೆಡ್’ ಎನ್ನುತ್ತಾರೆ. ಮೊದಲು ನೋಡಬೇಕಾದದ್ದು ಗೋಡೆಯ ಸಾಕೆಟ್, ಕೇಬಲ್, ಆಮೇಲೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು: ‘ಡಿಸ್‌ಪ್ಲೇ ಬರುತ್ತಿಲ್ಲ’. ಮೊದಲ ಸಂಶಯ, ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ಮೇಲೆ. ಆನ್ ಆಗಿ ಕೆಲವೇ ಸೆಕೆಂಡಿನಲ್ಲಿ ಆಫ್: ಇದು ಬಿಸಿಯ ಲಕ್ಷಣವೂ ಹೌದು, ಶಾರ್ಟ್ ಸರ್ಕ್ಯೂಟ್‌ನ ಲಕ್ಷಣವೂ ಹೌದು. ಒಂದು ಗಂಟೆ ಬಿಟ್ಟು ಹಚ್ಚಿದಾಗ ಹೆಚ್ಚು ಹೊತ್ತು ನಿಂತರೆ ಬಿಸಿ; ತಣ್ಣಗಿದ್ದಾಗಲೂ ಅಷ್ಟೇ ಸೆಕೆಂಡಿಗೆ ಹೋದರೆ ಶಾರ್ಟ್ ಅಥವಾ ಎಸ್‌ಎಂಪಿಎಸ್ ಕಡೆ ನೋಡಬೇಕು. ಕಂಪನಿಯ ಲಾಂಛನ ಮೂಡಿ ಅಲ್ಲಿಂದ ಮುಂದೆ ಹೋಗದೇ ಇದ್ದರೆ ಮಾತ್ರ ‘ಬೂಟ್ ಆಗುತ್ತಿಲ್ಲ’. ಅದು ಬಹುಮಟ್ಟಿಗೆ ಡಿಸ್ಕ್ ಅಥವಾ ವಿಂಡೋಸ್ ಸಮಸ್ಯೆ.

‘ಬೂಟ್’ ಪದಕ್ಕೆ ಮೂಲ ಬೂಟಿನ ಹಿಂಬದಿಯ ಪಟ್ಟಿಯೇ. ಆ ಪಟ್ಟಿ ಹಿಡಿದು ತನ್ನನ್ನು ತಾನೇ ಎತ್ತಿಕೊಳ್ಳುವುದು ಎಂಬ ಇಂಗ್ಲಿಷ್ ಮಾತಿನಿಂದ ಬಂದದ್ದು; ಚಿಕ್ಕ ಪ್ರೋಗ್ರಾಮೊಂದು ದೊಡ್ಡದನ್ನು ಎಬ್ಬಿಸುತ್ತದೆ ಎಂಬ ಅರ್ಥ. ‘ಎಚ್ಚರಗೊಳ್ಳು’ ಎಂದು ಕನ್ನಡಿಸಿದರೆ ಚೆಲುವಾಗಿದೆ, ಆದರೆ ನಿದ್ದೆಯ ಸ್ಥಿತಿಯಿಂದ ಏಳುವುದು ಬೇರೆಯೇ ಇರುವುದರಿಂದ ಗೊಂದಲ. ‘ವಿಂಡೋಸ್ ತೆರೆದುಕೊಳ್ಳುತ್ತಿಲ್ಲ’ ಎಂದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ.

ಧಾರವಾಡದ ಕಡೆ ‘ಚಾಲೂ ಆಗವಲ್ದು’ ಮತ್ತು ‘ಚಾಲೂ ಆಗಿ ಬಂದ್ ಬೀಳ್ತೈತಿ’ ಎಂದು ಮೊದಲನೆಯ, ಮೂರನೆಯ ಕಾಯಿಲೆಗಳನ್ನು ಜನ ತಾವಾಗಿಯೇ ಬೇರೆ ಮಾಡಿ ಹೇಳುತ್ತಾರೆ. ‘ವಲ್ದು’ ಅಂದರೆ ಒಲ್ಲದು: ಮಾಡಿದರೂ ಒಲ್ಲೆ ಅನ್ನುತ್ತಿದೆ. ದೂರು ಕೇಳುವವರಿಗೆ ಇದಕ್ಕಿಂತ ಖಚಿತ ಮಾತು ಬೇಡ. ಕೈಪಿಡಿಯಲ್ಲಿ ಇವೂ ಇರಲಿ.

ಕೊನೆಗೆ ‘ಮದರ್‌ಬೋರ್ಡ್ ಹೋಗಿದೆ’. ಈ ಮಾತು ಅಷ್ಟು ಬೇಗ ಬರಬಾರದು. ಹೊಸ ಬೋರ್ಡಿಗೆ ದುಡ್ಡು ಕೊಡುವ ಮುನ್ನ ರ‍್ಯಾಮ್ ತೆಗೆದು, ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಒಂದೇ ಒಂದು ರ‍್ಯಾಮ್ ಹಾಕಿ ನೋಡಬೇಕು. ಬೇರೆ ಸ್ಲಾಟಿನಲ್ಲೂ ನೋಡಬೇಕು. ಪ್ರಾಸೆಸರ್ ಸುತ್ತಲಿನ, ವಿದ್ಯುತ್ ಹಿಡಿದಿಡುವ ಪುಟ್ಟ ಉರುಳೆಗಳಾದ ಕೆಪಾಸಿಟರ್‌ಗಳ ನೆತ್ತಿ ಚಪ್ಪಟೆ ಇರಬೇಕು. ಉಬ್ಬಿದ್ದರೆ ಅಥವಾ ಕಂದು ಕಲೆ ಇದ್ದರೆ ಅವನ್ನಷ್ಟೇ ಬದಲಿಸಿ ಬೋರ್ಡ್ ಉಳಿಸಿಕೊಳ್ಳಬಹುದು. ಎಸ್‌ಎಂಪಿಎಸ್ 12 ವೋಲ್ಟ್ ತಂತಿಯಲ್ಲಿ 11.4ರಿಂದ 12.6, 5 ವೋಲ್ಟ್ ತಂತಿಯಲ್ಲಿ 4.75ರಿಂದ 5.25 ಕೊಡುತ್ತಿದೆಯೇ ಎಂದು ಮಲ್ಟಿಮೀಟರ್ ಹೇಳುತ್ತದೆ. ಕೆಲವು ಕಚೇರಿ ಮಾದರಿಗಳ ಕನೆಕ್ಟರ್ ಮಾಮೂಲಿ 24 ಪಿನ್ನಿನದ್ದಲ್ಲ, ಅಲ್ಲಿ ತಂತಿಯ ಬಣ್ಣ ನಂಬುವಂತಿಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬಾರದು: ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟಿಗೂ ಮೇಲೆ ಹಿಡಿದಿಟ್ಟುಕೊಂಡಿರಬಹುದು. ಕರಡಿನಲ್ಲಿ ಈ ಎಚ್ಚರಿಕೆ ಇಲ್ಲ, ದಪ್ಪ ಅಕ್ಷರದಲ್ಲಿ ಸೇರಿಸಿ.

ಪ್ಲಗ್ ಇಲ್ಲದಾಗಲೂ ಗಡಿಯಾರ ನಡೆಸುವ, ಬೋರ್ಡಿನ ಮೇಲಿನ ಬಟನ್ ಸೆಲ್ ಕೂಡ ನೋಡಿ. ಸಿಆರ್2032 ಎಂಬ ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಹೊಸದು 3 ವೋಲ್ಟಿಗಿಂತ ತುಸು ಹೆಚ್ಚು ತೋರಿಸುತ್ತದೆ. 2.7ಕ್ಕಿಂತ ಇಳಿದಿದ್ದರೆ ಬದಲಿಸಿ; ಹಳೆಯದನ್ನು ತೆಗೆದ ಮೇಲೆ, ಪ್ಲಗ್ ಇಲ್ಲದೆ, ಪವರ್ ಗುಂಡಿಯನ್ನು 15 ಸೆಕೆಂಡ್ ಒತ್ತಿ ಹಿಡಿದು ಆಮೇಲೆ ಹೊಸದನ್ನು ಅಕ್ಷರ ಕಾಣುವ ಮುಖ ಮೇಲೆ ಬರುವಂತೆ ಕೂರಿಸಿ.