ಆರು ಜನ ಬಾಂಡ್‌ಗಳನ್ನು ಹೋಲಿಸಿ ನೋಡಬೇಕು, ಯಾವ ಸಿನಿಮಾಗಳನ್ನು ಆರಿಸಲಿ?

ಪ್ರಶ್ನೆ: ಜೇಮ್ಸ್ ಬಾಂಡ್ ಪಾತ್ರ ಮಾಡಿದ ಆರೂ ನಟರನ್ನು ಹೋಲಿಸಿ ನೋಡುವ ಆಸೆ. ಮೂಲ ಸರಣಿಯ 25 ಸಿನಿಮಾಗಳನ್ನೂ ನೋಡುವಷ್ಟು ಬಿಡುವಿಲ್ಲ. ಏಳೆಂಟರಲ್ಲಿ ವ್ಯತ್ಯಾಸ ಗೊತ್ತಾಗಬೇಕು. ಜೊತೆಗೆ ಹತ್ತು ವರ್ಷದ ಮಗನೂ ಕೂರುತ್ತಾನೆ. ತಿಳಿದವರು ಹೇಳಿ.

*

ಒಬ್ಬೊಬ್ಬರದೂ ಹೆಸರು ಮಾಡಿದ ಒಂದೊಂದು ಸಿನಿಮಾ ಆರಿಸಬೇಡಿ ಸರ್. ಹಾಗೆ ನೋಡಿದರೆ ನಟನಿಗಿಂತ ಆ ಕಾಲದ ಚಿತ್ರಕಥೆಯೇ ಎದ್ದು ಕಾಣುತ್ತದೆ. ನಿರ್ದೇಶಕ ಒಬ್ಬನೇ, ಬಾಂಡ್ ಮಾತ್ರ ಬೇರೆ ಆಗಿರುವ ಜೋಡಿಗಳನ್ನು ಹಿಡಿಯಿರಿ. ಅಂಥ ಮೂರು ಜೋಡಿ ಹೇಳುತ್ತೇನೆ.

ಮೊದಲನೆಯದು ಲೂಯಿಸ್ ಗಿಲ್ಬರ್ಟ್ ಅವರ 'ಯೂ ಓನ್ಲಿ ಲಿವ್ ಟ್ವೈಸ್' (1967, ಶಾನ್ ಕಾನರಿ) ಮತ್ತು 'ದಿ ಸ್ಪೈ ಹೂ ಲವ್ಡ್ ಮಿ' (1977, ರೋಜರ್ ಮೂರ್). ಎರಡರ ಅಸ್ಥಿಪಂಜರ ಒಂದೇ. ಅಲ್ಲಿ ಬಾಹ್ಯಾಕಾಶ ನೌಕೆಗಳನ್ನು ನುಂಗುತ್ತಾರೆ, ಇಲ್ಲಿ ಜಲಾಂತರ್ಗಾಮಿಗಳನ್ನು. ಕಥೆ ಹೀಗೆ ಹೊಂದುವುದರಿಂದ ನಟರ ಅಂತರ ತಾನಾಗಿ ಕಾಣುತ್ತದೆ. ಐದನೇ ಸಲಕ್ಕೆ ಬಂದ ಕಾನರಿಯ ಮುಖದಲ್ಲಿ ಪಾತ್ರದ ಬಗ್ಗೆ ಆಸಕ್ತಿ ಇಳಿದಿದೆ. ಮೂರನೇ ಸಲದ ಮೂರ್ ಆ ಕೋಟಿನೊಳಗೆ ಆರಾಮಾಗಿ ಕೂತುಬಿಟ್ಟಿದ್ದಾರೆ.

ಎರಡನೆಯದು ಜಾನ್ ಗ್ಲೆನ್ ಅವರ 'ಆಕ್ಟೋಪಸಿ' (1983, ಮೂರ್) ಮತ್ತು 'ದಿ ಲಿವಿಂಗ್ ಡೇಲೈಟ್ಸ್' (1987, ಟಿಮೊತಿ ಡಾಲ್ಟನ್). ಮೂರ್ ಬರೀ ತಮಾಷೆ ಎನ್ನುವವರು ಮೊದಲನೆಯದರ ಸರ್ಕಸ್ ಭಾಗ ನೋಡಬೇಕು. ಜೋಕರ್ ವೇಷದಲ್ಲಿ ನಿಂತು ಬಾಂಬ್ ಇದೆ ಎಂದು ಕೂಗುವಾಗ ಯಾರೂ ನಂಬುವುದಿಲ್ಲ, ಆ ಬಣ್ಣದ ಕೆಳಗಿನ ಕಣ್ಣಲ್ಲಿ ಭಯ ನಿಜ. ಉದಯಪುರ ಕಾಣುವುದೂ ಇದರಲ್ಲೇ. ಡಾಲ್ಟನ್ ಚಿತ್ರದಲ್ಲಿ ಬ್ರಾಟಿಸ್ಲಾವಾದ ದೃಶ್ಯ ತಪ್ಪಿಸಬೇಡಿ. ಕಿಟಕಿಯಲ್ಲಿರುವ ಹುಡುಗಿ ನಿಜವಾದ ಹಂತಕಿ ಅಲ್ಲ ಎಂದು ಗೊತ್ತಾದ ಕ್ಷಣ ಆತ ಆಜ್ಞೆ ಮೀರಿ ಅವಳ ಬಂದೂಕಿಗೆ ಮಾತ್ರ ಹೊಡೆಯುತ್ತಾನೆ. ಕೆಲಸದ ಮೇಲೆ ಬೇಸರ ಬಂದಿರುವ ಗೂಢಚಾರನನ್ನು ಇಷ್ಟು ನೇರವಾಗಿ ಮೊದಲು ತೋರಿಸಿದ್ದು ಡಾಲ್ಟನ್ನೇ.

ಮೂರನೆಯದು ಮಾರ್ಟಿನ್ ಕ್ಯಾಂಪ್‌ಬೆಲ್ ಅವರ 'ಗೋಲ್ಡನ್‌ಐ' (1995, ಪಿಯರ್ಸ್ ಬ್ರಾಸ್ನನ್) ಮತ್ತು 'ಕಸೀನೋ ರಾಯಲ್' (2006, ಡೇನಿಯಲ್ ಕ್ರೇಗ್). ಬ್ರಾಸ್ನನ್ ಟ್ಯಾಂಕಿನಲ್ಲಿ ಗೋಡೆ ಒಡೆದು ಬಂದು ಟೈ ಸರಿಮಾಡಿಕೊಳ್ಳುತ್ತಾರೆ. ಕ್ರೇಗ್ ಬೆನ್ನಟ್ಟುವ ಓಟಗಾರ ಗೋಡೆಯ ಮೇಲಿನ ಸಂದಿಯಲ್ಲಿ ಹಗುರವಾಗಿ ನುಸುಳಿದರೆ, ಕ್ರೇಗ್ ಆ ಗೋಡೆಯನ್ನೇ ಒಡೆದುಕೊಂಡು ನುಗ್ಗುತ್ತಾರೆ. ಈ ಎರಡು ತುಣುಕು ಬೆನ್ನಿಗೆ ಬೆನ್ನು ಹಾಕಿ ನೋಡಿದರೆ ಸಾಕು.

*

ಮೇಲಿನ ಪಟ್ಟಿಗೆ ಜಾರ್ಜ್ ಲೇಜನ್‌ಬಿ ಸೇರಲೇಬೇಕು. ಒಂದೇ ಸಿನಿಮಾ ಮಾಡಿದವ ಎಂದು ಬಿಟ್ಟರೆ ಮುಂದಿನವರ ಅಭಿನಯದ ಅರ್ಧ ಅರ್ಥ ಕೈತಪ್ಪುತ್ತದೆ. 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್' (1969) ಕೊನೆಯಲ್ಲಿ ಏನಾಗುತ್ತದೆ ಎಂದು ತಿಳಿಯಬಾರದು ಎನ್ನುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಮದುವೆಯಾದ ದಿನವೇ ಹೆಂಡತಿ ಟ್ರೇಸಿ ಗುಂಡಿಗೆ ಬಲಿಯಾಗುತ್ತಾಳೆ. ಆ ಗಾಯವನ್ನು ಆಮೇಲಿನ ನಟರು ಒಬ್ಬೊಬ್ಬರು ಒಂದೊಂದು ರೀತಿ ಹೊತ್ತಿದ್ದಾರೆ. 1977ರ ಚಿತ್ರದಲ್ಲಿ ರಷ್ಯಾದ ಗೂಢಚಾರಿಣಿ ಆನ್ಯಾ ಹೆಂಡತಿಯ ವಿಷಯ ಎತ್ತಿದ ಕೂಡಲೇ ಮೂರ್ ಅವಳ ಮಾತನ್ನು ಅಲ್ಲಿಗೇ ಕತ್ತರಿಸುತ್ತಾರೆ, ನಗು ಮಾಯ. 'ಫಾರ್ ಯುವರ್ ಐಸ್ ಓನ್ಲಿ' (1981) ಶುರುವಾಗುವುದೇ ಮೂರ್ ಟ್ರೇಸಿಯ ಸಮಾಧಿಗೆ ಹೂವಿಡುವುದರಿಂದ. 'ಲೈಸೆನ್ಸ್ ಟು ಕಿಲ್' (1989) ಚಿತ್ರದಲ್ಲಿ ಗೆಳೆಯ ಫೀಲಿಕ್ಸ್‌ನ ಮದುವೆಮನೆಯಲ್ಲಿ ವಧು ಮುಂದಿನ ಮದುವೆ ನಿನ್ನದೇ ಎಂಬಂತೆ ಛೇಡಿಸಿದಾಗ ಡಾಲ್ಟನ್ ಮುಖ ಬಾಡುತ್ತದೆ. 'ದಿ ವರ್ಲ್ಡ್ ಈಸ್ ನಾಟ್ ಎನಫ್' (1999) ಚಿತ್ರದಲ್ಲಿ ಪ್ರೀತಿಪಾತ್ರರನ್ನು ಕಳೆದುಕೊಂಡಿದ್ದೀಯಾ ಎಂದು ಎಲೆಕ್ಟ್ರಾ ಕೇಳಿದರೆ ಬ್ರಾಸ್ನನ್ ಉತ್ತರ ಕೊಡದೆ ಮಾತು ತಿರುಗಿಸುತ್ತಾರೆ. ನಾಲ್ಕೂ ಸೇರಿದರೆ ಕೆಲವೇ ನಿಮಿಷ, ಆದರೆ ಇದಕ್ಕಿಂತ ಒಳ್ಳೆಯ ಹೋಲಿಕೆ ಈ ಸರಣಿಯಲ್ಲಿ ಸಿಗದು.

ಒಂದು ಎಚ್ಚರಿಕೆ. ಲೇಜನ್‌ಬಿ ವಂಶಾವಳಿ ತಜ್ಞನ ವೇಷದಲ್ಲಿ ಸ್ವಿಸ್ ಬೆಟ್ಟಕ್ಕೆ ಹೋದಾಗ ಕೇಳುವ ದನಿ ಅವರದಲ್ಲ, ಜಾರ್ಜ್ ಬೇಕರ್ ಅವರದು. ಆ ಭಾಗ ಕೇಳಿ ಡೈಲಾಗ್ ಹೇಳುವ ರೀತಿ ಅಳೆಯಬೇಡಿ.

*

ಎಂಟನೆಯದಾಗಿ 'ಫ್ರಮ್ ರಷ್ಯಾ ವಿತ್ ಲವ್' (1963) ಹಾಕಿಕೊಳ್ಳಿ ಮಾರಾಯ್ರೆ, ಹುರುಪಿನ ಕಾನರಿ ಬೇಕಲ್ಲ. ರೈಲಿನ ಹೊಡೆದಾಟ ನೋಡಿ: ಇಕ್ಕಟ್ಟಾದ ಬೋಗಿ, ನೀಲಿ ಬೆಳಕು, ಕಾನರಿ ಮತ್ತು ರಾಬರ್ಟ್ ಶಾ. ಅದರ ಪಕ್ಕದಲ್ಲಿ 1977ರ ರೈಲಿನಲ್ಲಿ ಮೂರ್ ಉಕ್ಕಿನ ಹಲ್ಲಿನ ಜಾಸ್‌ಗೆ ದೀಪದ ಕರೆಂಟ್ ಮುಟ್ಟಿಸುವುದನ್ನೂ, 'ಸ್ಪೆಕ್ಟರ್' (2015) ರೈಲಿನಲ್ಲಿ ಕ್ರೇಗ್ ಹೊಡೆತ ತಿನ್ನುವುದನ್ನೂ ಇಡಿ. ಒಬ್ಬ ಬದುಕಲು ಹೋರಾಡುತ್ತಾನೆ, ಒಬ್ಬ ಉಪಾಯ ಹೂಡುತ್ತಾನೆ, ಮೂರನೆಯವ ತಾಳಿಕೊಳ್ಳುತ್ತಾನೆ.

*

ಎಡವುವ ಜಾಗಗಳು ಇವು. 'ಕಸೀನೋ ರಾಯಲ್' ಹೆಸರಿನಲ್ಲಿ 1954ರ ಟಿವಿ ನಾಟಕ ಮತ್ತು 1967ರ ಹಾಸ್ಯ ಚಿತ್ರವೂ ಇವೆ, ಇಸವಿ ನೋಡಿಯೇ ಹಚ್ಚಿ. ಕ್ರೇಗ್ ಅವರ ಐದೂ ಒಂದೇ ಮುಂದುವರಿದ ಕಥೆ. 'ಕ್ವಾಂಟಮ್ ಆಫ್ ಸೊಲೇಸ್' ಹಿಂದಿನ ಚಿತ್ರ ಮುಗಿದಲ್ಲೇ ಶುರುವಾಗುತ್ತದೆ, ಆದ್ದರಿಂದ ಅದನ್ನು ಬಿಡಿಯಾಗಿ ನೋಡಿ ಕ್ರೇಗ್‌ಗೆ ಅಂಕ ಕೊಡಬೇಡಿ. ಮೊದಲ ಮೂರು ಸಿನಿಮಾಗಳ ಆರಂಭದಲ್ಲಿ ಬಂದೂಕಿನ ನಳಿಗೆಯೊಳಗೆ ಕಾಣುವಾತ ಕಾನರಿ ಅಲ್ಲ, ಸ್ಟಂಟ್‌ಮ್ಯಾನ್ ಬಾಬ್ ಸಿಮನ್ಸ್. ಆ ಮೂರರ ಚಿತ್ರದ ಚೌಕಟ್ಟು ಈಗಿನ ಟಿವಿಗಿಂತ ಕಿರಿದು, ಎರಡೂ ಬದಿಗೆ ಕಪ್ಪು ಪಟ್ಟಿ ಬರುವುದು ಸರಿ. ಝೂಮ್ ಮಾಡಿದರೆ ಮೇಲೆ ಕೆಳಗೆ ಕತ್ತರಿಸಿ ಹೋಗುತ್ತದೆ.

*

ಮಗನ ವಿಷಯಕ್ಕೆ: 1977ರ ಮೂರ್ ಚಿತ್ರದಿಂದ ಶುರು ಮಾಡಿ, ಅವನಿಗೆ ಜಾಸ್ ಖಂಡಿತ ಇಷ್ಟವಾಗುತ್ತಾನೆ. 'ಲೈಸೆನ್ಸ್ ಟು ಕಿಲ್' ಅವನ ಮುಂದೆ ಬೇಡ. ಬ್ರಿಟನ್ನಿನಲ್ಲಿ ಈ ಸರಣಿಯಲ್ಲಿ ಮೊದಲ ಸಲ 15 ವರ್ಷದ ಮಿತಿ ಬಿದ್ದದ್ದು ಅದಕ್ಕೇ, ಶಾರ್ಕ್ ದೃಶ್ಯ ತುಂಬಾ ಕ್ರೂರ. 'ಕಸೀನೋ ರಾಯಲ್'ನಲ್ಲಿ ಕುರ್ಚಿಗೆ ಕಟ್ಟಿ ಹಿಂಸಿಸುವ ಭಾಗ ಬಂದಾಗ ಮುಂದಕ್ಕೆ ಓಡಿಸಿ.

*

ನಟ ಅದೇ, ಕಾಲ ಬೇರೆ ಎಂಬ ತಿರುಗುಮುರುಗು ಪರೀಕ್ಷೆಯೂ ಒಮ್ಮೆ ಮಾಡಿ. ಕಾನರಿಯ 'ಥಂಡರ್‌ಬಾಲ್' (1965) ಕಥೆಯನ್ನೇ ಮತ್ತೆ ಮಾಡಿದ್ದು 'ನೆವರ್ ಸೇ ನೆವರ್ ಅಗೇನ್' (1983). ಇದು ಮೂಲ ಸರಣಿಗೆ ಸೇರಿಲ್ಲ, ಪರಿಚಿತ ಬಾಂಡ್ ಸಂಗೀತ ಕೇಳದಿದ್ದರೆ ಗಾಬರಿಯಾಗಬೇಡಿ. ನಮ್ಮಲ್ಲೂ ಅಂಥ ಜೋಡಿ ಇದೆ. ದೊರೈ-ಭಗವಾನ್ ನಿರ್ದೇಶನದಲ್ಲಿ ಡಾ. ರಾಜ್‌ಕುಮಾರ್ ಸಿ.ಐ.ಡಿ. 999 ಆದ 'ಜೇಡರ ಬಲೆ' (1968) ಮತ್ತು ಹತ್ತು ವರ್ಷದ ನಂತರದ 'ಆಪರೇಷನ್ ಡೈಮಂಡ್ ರಾಕೆಟ್' (1978). ನಡಿಗೆ ನೋಡಿ, ಆಮೇಲೆ ಹೊಡೆದಾಟಕ್ಕೆ ಮುಂಚೆ ಅಣ್ಣಾವ್ರು ಎದುರಾಳಿಯನ್ನು ನೋಡುವ ನೋಟ ನೋಡಿ.