ಮಾಮ, ಆ ಫೋಟೊ ಅಳಿಸಿಬಿಡಿ

ನಿನ್ನೆ ಬೆಳಿಗ್ಗೆ ಆರು ಗಂಟೆಗೇ ಸಿರುಗುಪ್ಪ ಮಾಮ ನಮ್ಮ ಮನೆಯವರ ಗುಂಪಿಗೆ ಒಂದು ಫೋಟೊ ಹಾಕಿದರು. ಉದ್ದದ ಫ್ಲೈಓವರ್, ಅದರ ಮೇಲೆ ಕೆಂಪು ಅಕ್ಷರ: "ಬೆಂಗಳೂರಿನ ಬಳ್ಳಾರಿ ರಸ್ತೆಗೆ ಬೇರೆ ಹೆಸರು! ಇನ್ನು ನಮ್ಮೂರಿನ ಗುರುತೇ ಇರಲ್ಲ. ಹತ್ತು ಗುಂಪಿಗೆ ಕಳಿಸಿ."

ನಾನು ಚಹಾ ಕುಡಿದು ಬರುವಷ್ಟರಲ್ಲಿ ಸಿಟ್ಟಿನ ಮುಖಗಳು ಸಾಲಾಗಿ ನಿಂತಿದ್ದವು.

ದೊಡ್ಡಪ್ಪ: "1953ರಲ್ಲಿ ನಮ್ಮ ಬಳ್ಳಾರಿ ಮದ್ರಾಸಿನವರಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿದ್ದು ಇದಕ್ಕೇನಾ? ಊರಿನ ಹೆಸರು ಹೋದರೂ ಈಗಿನ ಹುಡುಗರಿಗೆ ಸಂಬಳ ಬಂದರೆ ಸಾಕು."

ನಾನು: "ಮಾಮ, ಯಾರು ಹೇಳಿದ್ದು? ಆದೇಶ ಆಗಿದೆಯಾ? ಯಾವ ಪೇಪರಲ್ಲಿ ಬಂದಿದೆ?"

ಮಾಮ: "ನಿನಗೆ ಎಲ್ಲಕ್ಕೂ ಕಾಗದ ಬೇಕಲ್ಲವ್ವಾ. ನನ್ನ ಮಗನ ನಿಶ್ಚಿತಾರ್ಥಕ್ಕೆ ಫೋನ್ ಮಾಡಿ ಕರೆದೆ, ಕಾರ್ಡ್ ಕೊಟ್ಟಿಲ್ಲ ಅಂತ ನೀನು ಬರಲಿಲ್ಲ."

ರಸ್ತೆ ಅಲ್ಲಿಗೇ ಬಿಟ್ಟುಹೋಯಿತು. ಗಂಗಾವತಿ ತಮ್ಮ ಬಂದ: "ಬಳ್ಳಾರಿ ರಸ್ತೆ ಅಂದರೆ ನನಗೆ ಅಜ್ಜನೇ ನೆನಪು. ಹೆಬ್ಬಾಳದ ಫ್ಲೈಓವರ್ ಇನ್ನೂ ಕಟ್ಟಿರಲಿಲ್ಲ. ಅನಂತಪುರದ ಮೇಲೆ ಬಸ್ಸು, ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ಎಲ್ಲ ಎಣಿಸುತ್ತಾ ಹೋಗೋದು, ದೇವನಹಳ್ಳಿಯಲ್ಲಿ ಚಕ್ಕೋತ ಹಣ್ಣು. ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ..."

ಹೊಸಪೇಟೆ ಅತ್ತೆ: "ಆ ರೊಟ್ಟಿ ಬಡಿದವಳು ನಾನು. ನಿಮ್ಮವ್ವ ಆಗ ತವರಲ್ಲಿದ್ದಳು."

ಅದರ ಮೇಲೇ ಮೂವತ್ತು ಮೆಸೇಜು. ನಡುವೆ ತಮ್ಮನ ಮಗ ಬಂದು, ಈಗ ನಮ್ಮ ಬಸ್ಸುಗಳು ಜಾಸ್ತಿ ಹೋಗೋದು ಚಳ್ಳಕೆರೆ, ಹಿರಿಯೂರು ಮೇಲೆ, ಬೆಂಗಳೂರಿಗೆ ಸೇರೋದು ತುಮಕೂರು ರಸ್ತೆಯಿಂದ, ಹೆಸರು ಏನಾದರೆ ನಮಗೇನು ಅಂದ. ನನಗೆ ಆ ಮಾತು ಚುಚ್ಚಿತು. ಹೊಸೂರು ರಸ್ತೆ, ಮೈಸೂರು ರಸ್ತೆ, ಮಾಗಡಿ ರಸ್ತೆ, ಕನಕಪುರ ರಸ್ತೆ. ಬೆಂಗಳೂರಿನ ದೊಡ್ಡ ರಸ್ತೆಗಳು ಎಷ್ಟೋ ಹೀಗೆ ಹೋಗಿ ಮುಟ್ಟುವ ಊರಿನ ಹೆಸರು ಹೊತ್ತಿವೆ. ಮೇಖ್ರಿ ಸರ್ಕಲ್ ದಾಟಿ ಹೆಬ್ಬಾಳದ ಕಡೆ ಹೋಗುವಾಗ ಬೋರ್ಡಿನಲ್ಲಿ ನಮ್ಮೂರಿನ ಹೆಸರು ಕಂಡರೆ ಈಗಲೂ ನನಗೆ ಮನೆಯವರೇ ಎದುರು ಬಂದಂತೆ ಆಗುತ್ತದೆ. ಹೆಸರು ಬದಲಾಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಸೌತ್ ಪರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆ ಆಯಿತು. ಆದರೆ ಅದು ನಿಜವಾಗಿ ಆದದ್ದು.

ಫೋಟೊವನ್ನು ಎರಡು ಬೆರಳಲ್ಲಿ ಅಗಲ ಮಾಡಿ ನೋಡಿದೆ. ಫ್ಲೈಓವರಿನ ಕಂಬದ ಮೇಲೆ ನಂಬರ್. ಪಕ್ಕದ ಅಂಗಡಿಯ ಬೋರ್ಡು ಪೂರ್ತಿ ತೆಲುಗು, ಕೊನೆಯಲ್ಲಿ ಸಣ್ಣದಾಗಿ ಮೆಹದೀಪಟ್ನಂ. ಅದು ಹೈದರಾಬಾದಿನ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ, ಮೆಹದೀಪಟ್ನಂನಿಂದ ಆರಾಂಘರ್ ತನಕ 11.6 ಕಿ.ಮೀ. ಅಲ್ಲಿ ಜನ ವಿಳಾಸ ಹೇಳುವುದೇ ಕಂಬದ ನಂಬರ್ ಹಿಡಿದು. ನಮ್ಮ ಗುಂಪಿನಲ್ಲಿ ತೆಲುಗು ಬಾರದವರು ಎಷ್ಟು ಜನ ಇದ್ದಾರೆ? ದೊಡ್ಡಪ್ಪ ಓದಿದ್ದೇ ಆದೋನಿಯಲ್ಲಿ. ಒಬ್ಬರೂ ಆ ಬೋರ್ಡು ಓದಲಿಲ್ಲ.

ಇಷ್ಟನ್ನೂ ಬರೆದು ಹಾಕಿದೆ.

ಮಾಮ: "ಫೋಟೊ ತಪ್ಪಿರಬಹುದು. ವಿಷಯ ತಪ್ಪಲ್ಲ."

ದೊಡ್ಡಪ್ಪ: "ಹಿರಿಯರಿಗೆ ಎಲ್ಲರ ಮುಂದೆ ಹೀಗೆ ಹೇಳಬಾರದಮ್ಮಾ."

ಸಂಜೆ ಮಾಮನಿಗೊಬ್ಬರಿಗೇ ಬರೆದೆ: "ನಿಶ್ಚಿತಾರ್ಥದ ದಿನ ಮಗಳಿಗೆ ಜ್ವರ ಇತ್ತು ಮಾಮ, ಕಾರ್ಡಿನ ಮಾತು ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಬರದೇ ಇದ್ದದ್ದಕ್ಕೆ ನನಗೂ ಬೇಜಾರಿದೆ. ಆ ಫೋಟೊ ಮಾತ್ರ ಅಳಿಸಿಬಿಡಿ, ನೀವು ಕಳಿಸಿದ್ದು ಅಂತ ಜನ ನಂಬುತ್ತಾರೆ."

ಎರಡು ನೀಲಿ ಗೆರೆ ಬಂದವು. ರಾತ್ರಿ ಹತ್ತಕ್ಕೆ ಉತ್ತರ: "ಜ್ವರ ಅಂತ ಅವತ್ತೇ ಹೇಳಬಾರದಿತ್ತಾ?"

ಫೋಟೊ ಇನ್ನೂ ಅಲ್ಲೇ ಇದೆ.